ಏಳು ಬಾಗಿಲುಗಳ ಹೊರಗೆ ನಿಂತ ಗರೀಬ

ಕನ್ನಡದ ಪ್ರಾಚೀನ ಕವಿಗೆ ನಗರವನ್ನು ಪ್ರವೇಶಿಸುವುದು ಎಂದೂ ಕಷ್ಟವಾಗಲಿಲ್ಲ. ಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಉಪವನವನ್ನು ದಾಟಿ, ಅಗಳನ್ನು ದಾಟಿ, ಕೋಟೆಯ ಬಾಗಿಲನ್ನು ದಾಟಿ, ಅಂಗಡಿ ಬೀದಿಗಳ ನಡುವೆ ಹಾದು, ಅರಮನೆಯ ಉಪ್ಪರಿಗೆಯವರೆಗೂ ಕವಿಯ ದೃಷ್ಟಿ ತಡೆಯಿಲ್ಲದೆ ಸಾಗುತ್ತದೆ. ಪಂಪನ ಆದಿಪುರಾಣದ ಅಯೋಧ್ಯೆಯಲ್ಲಾಗಲಿ ಅವನ ನಂತರದವರು ಕಟ್ಟಿದ ಪುರಗಳಲ್ಲಾಗಲಿ ದ್ವಾರಪಾಲಕನು ಕವಿಯನ್ನು ನಿಲ್ಲಿಸಿ, ನೀನು ಯಾರು, ಯಾವ ಊರಿನವನು ಎಂದು ಕೇಳುವುದಿಲ್ಲ. ಕವಿಯು ವರ್ಣಿಸುವ ನಗರವು ಅವನದೇ ಆದ ನಗರ; ಅದರ ಎಲ್ಲ ಬಾಗಿಲುಗಳೂ ಅವನಿಗೆ ತೆರೆದಿವೆ.

ಪ್ರವಾಸಿಯ ಸ್ಥಿತಿ ಇದಕ್ಕಿಂತ ಭಿನ್ನ. ಅವನಿಗೆ ನಗರದ ಮೊದಲ ಅನುಭವವೇ ಬಾಗಿಲು. ಅಲ್ಲಿ ಅವನನ್ನು ನೋಡುವವರಿದ್ದಾರೆ, ಎಣಿಸುವವರಿದ್ದಾರೆ, ಕೆಲವೊಮ್ಮೆ ಹಿಂದಕ್ಕೆ ಕಳುಹಿಸುವವರೂ ಇದ್ದಾರೆ. ಅರಮನೆಗಳ ಕುರಿತು ಪ್ರವಾಸಿಗಳು ಬರೆದಿಟ್ಟ ಮಾತುಗಳನ್ನು ಓದುವಾಗ, ಬರೆದವನು ಬಾಗಿಲಿನ ಯಾವ ಬದಿಯಲ್ಲಿ ನಿಂತು ಬರೆದ ಎಂಬ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಬೇಕಾಗುತ್ತದೆ. ಸ್ಪೇನ್ ದೇಶದ ಗ್ರಾನಡಾ ಮತ್ತು ಕರ್ನಾಟಕದ ಬೀದರ್ ಎಂಬ ಎರಡು ನಗರಗಳು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಮುಂದಿಡುತ್ತವೆ.

ಗ್ರಾನಡಾದ ಗುಡ್ಡದ ಮೇಲೆ ಕೆಂಪು ಗೋಡೆಗಳ ಅಲ್‌ಹಂಬ್ರಾ ಅರಮನೆ ಇದೆ. ನಾಸ್ರಿದ್ ವಂಶದ ಮೊದಲನೆಯ ಮುಹಮ್ಮದನು 1238ರಲ್ಲಿ ಆ ಗುಡ್ಡದ ಮೇಲೆ ಕೆಲಸವನ್ನು ಆರಂಭಿಸಿದನು. ಡಾರೋ ನದಿಯ ನೀರನ್ನು ಮೇಲ್ಭಾಗದಿಂದ ತಿರುಗಿಸಿ, ಕಾಲುವೆಯ ಮೂಲಕ ಗುಡ್ಡಕ್ಕೆ ತಂದ ಮೇಲೆಯೇ ಅಲ್ಲಿ ಅರಮನೆ ಸಾಧ್ಯವಾಯಿತು. 14ನೆಯ ಶತಮಾನದಲ್ಲಿ ಮೊದಲನೆಯ ಯೂಸುಫ್ ಮತ್ತು ಅವನ ಮಗ ಐದನೆಯ ಮುಹಮ್ಮದರ ಕಾಲಕ್ಕೆ ಅದು ಇಂದಿನ ರೂಪಕ್ಕೆ ಬಂದಿತು. ಹನ್ನೆರಡು ಸಿಂಹಗಳ ಕಾರಂಜಿಯ ತೊಟ್ಟಿಯ ಅಂಚಿನಲ್ಲಿ ಇಬ್ನ್ ಜಮ್ರಕ್ ಎಂಬ ಕವಿಯ ಪದ್ಯಗಳನ್ನು ಕೆತ್ತಿದ್ದಾರೆ. ಗೋಡೆಯೇ ಕಾವ್ಯದ ಹಾಳೆಯಾದ ಅರಮನೆ ಅದು.

ಸುಮಾರು 1350ರಲ್ಲಿ ಮೊರಾಕೋದ ಇಬ್ನ್ ಬತೂತಾ ಗ್ರಾನಡಾಕ್ಕೆ ಬಂದನು. ದೆಹಲಿ, ಮಾಲ್ಡೀವ್ಸ್, ಚೀನಾಗಳನ್ನು ಕಂಡು ಮರಳಿದ್ದ ಈ ಮಹಾಪ್ರವಾಸಿಗೆ ಅಲ್‌ಹಂಬ್ರಾದ ಒಡೆಯನ ದರ್ಶನವಾಗಲಿಲ್ಲ. ಯೂಸುಫನು ಅಸ್ವಸ್ಥನಾಗಿದ್ದನು. ಸುಲ್ತಾನನ ತಾಯಿಯು ಒಂದಿಷ್ಟು ಚಿನ್ನದ ನಾಣ್ಯಗಳನ್ನು ಕಳುಹಿಸಿಕೊಟ್ಟಳು. ಹೀಗಾಗಿ ಜಗತ್ತಿನ ಅತಿ ಪ್ರಸಿದ್ಧ ಪ್ರವಾಸಕಥನದಲ್ಲಿ ಗ್ರಾನಡಾದ ತೋಟಗಳಿವೆ, ನದಿಯಿದೆ, ವಿದ್ವಾಂಸರಿದ್ದಾರೆ. ಸುಲ್ತಾನನ ಸಭೆಯ ವರ್ಣನೆ ಮಾತ್ರ ಇಲ್ಲ. ಆದರೆ ಅಲ್ಲಿನ ಒಂದು ತೋಟದಲ್ಲಿ ಅವನ ಕಥೆಗಳನ್ನು ಕೇಳಿದವರಲ್ಲಿ ಇಬ್ನ್ ಜುಜಯ್ಯ್ ಎಂಬ ಯುವಕನೊಬ್ಬನಿದ್ದನು. ಗ್ರಾನಡಾದಲ್ಲಿಯೇ ಹುಟ್ಟಿದ ಈತನು ಮುಂದೆ ಮೊರಾಕೋದ ಫೆಜ್ ನಗರಕ್ಕೆ ಹೋಗಿ, ಅಲ್ಲಿನ ಸುಲ್ತಾನನ ಆಜ್ಞೆಯಂತೆ ಇಬ್ನ್ ಬತೂತಾನ ಬಾಯಿಂದ ಕೇಳಿದ್ದನ್ನು ಗ್ರಂಥವಾಗಿ ಬರೆದನು. ಅದು ಪೂರ್ಣಗೊಂಡದ್ದು 1355ರಲ್ಲಿ.

ಕರ್ನಾಟಕದ ಅಭ್ಯಾಸಿಗಳಿಗೆ ಈ ಸಂಗತಿ ಮುಖ್ಯವಾದುದು. 1340ರ ದಶಕದಲ್ಲಿ ಹೊನ್ನಾವರವನ್ನು ಕಂಡ ಇಬ್ನ್ ಬತೂತಾ ಅಲ್ಲಿ ಹೆಣ್ಣುಮಕ್ಕಳಿಗಾಗಿ 13 ಶಾಲೆಗಳೂ ಗಂಡುಮಕ್ಕಳಿಗಾಗಿ 23 ಶಾಲೆಗಳೂ ಇದ್ದುವೆಂದೂ ಇಂಥದನ್ನು ತಾನು ಬೇರೆಲ್ಲಿಯೂ ನೋಡಲಿಲ್ಲವೆಂದೂ ಹೇಳಿದ್ದಾನೆ. ಕನ್ನಡ ಕರಾವಳಿಯ ಶಿಕ್ಷಣಕ್ಕೆ ಸಂಬಂಧಿಸಿದ ಈ ಅಪರೂಪದ ಸಾಕ್ಷ್ಯವು ಗ್ರಾನಡಾದವನೊಬ್ಬನ ಲೇಖನಿಯಿಂದ ಇಳಿದು ಬಂದಿದೆ.

ಗ್ರಾನಡಾಕ್ಕೆ ಕನ್ನಡ ನೆಲದಲ್ಲಿ ಸಮಾನವಾದ ನಗರ ಯಾವುದೆಂದು ಕೇಳಿದರೆ ಬೀದರಿನ ಹೆಸರನ್ನು ಹೇಳಬೇಕು. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹಬ್ಬಿತ್ತೆಂದು ಕವಿರಾಜಮಾರ್ಗವು ಹೇಳುವುದಷ್ಟೆ. ಗೋದಾವರಿಯ ಉಪನದಿಯಾದ ಮಾಂಜ್ರಾ ಹರಿಯುವ ಈ ಪ್ರದೇಶವು ಆ ಗಡಿಯ ಕಡೆಯದು. ಬಹಮನಿ ಸುಲ್ತಾನ ಅಹಮದ್ ಷಾಹನು ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. 1430ರ ಆಸುಪಾಸಿನಲ್ಲಿ ಕೆಂಪು ಜಂಬಿಟ್ಟಿಗೆ ಕಲ್ಲಿನ ಎತ್ತರದ ಅಂಚಿನ ಮೇಲೆ ಕೋಟೆ ಎದ್ದಿತು. ಬಂಡೆಯನ್ನೇ ಕಡಿದು ಮೂರು ಸಾಲಿನ ಕಂದಕವನ್ನು ತೋಡಿದರು. ಗ್ರಾನಡಾದಂತೆ ಇಲ್ಲಿಯೂ ಎತ್ತರದ ನೆಲಕ್ಕೆ ನೀರನ್ನು ಒದಗಿಸುವ ಸಮಸ್ಯೆಯಿತ್ತು. ಅದಕ್ಕೆ ಪರ್ಷಿಯಾದ ಕರೇಜ್ ವಿಧಾನವನ್ನು ಅನುಸರಿಸಿ ನೆಲದಡಿಯಲ್ಲಿ ಸುರಂಗ ಕಾಲುವೆಗಳನ್ನು ಕೊರೆದು, ನಡುನಡುವೆ ಬಾವಿಯಂತಹ ಕಂಡಿಗಳನ್ನು ತೆಗೆದರು. ಗ್ರಾನಡಾದಂತೆಯೇ ಇಲ್ಲಿಯೂ ಬಣ್ಣದ ಹೆಂಚಿನ ಅಲಂಕಾರ, ಗೋಡೆಯ ಮೇಲಿನ ಅಕ್ಷರ, ಮರದ ಕೆತ್ತನೆಗಳು ಅರಮನೆಯ ಸೊಬಗಾದುವು.

ಈ ನಗರಕ್ಕೆ ಸುಮಾರು 1470ರಲ್ಲಿ ರಷ್ಯಾದ ತ್ವೇರ್ ಪಟ್ಟಣದ ವರ್ತಕ ಅಫನಾಸಿ ನಿಕಿತಿನ್ ಬಂದನು. ಅವನು ರಾಜದೂತನಲ್ಲ, ವಿದ್ವಾಂಸನೂ ಅಲ್ಲ. ದಾರಿಯಲ್ಲಿ ಸರಕೆಲ್ಲ ದರೋಡೆಯಾಗಿ, ಉಳಿದದ್ದರಲ್ಲಿ ಒಂದು ಗಂಡು ಕುದುರೆಯನ್ನು ಕೊಂಡು, ಅದನ್ನು ಮಾರಿ ಲಾಭ ಮಾಡಿಕೊಳ್ಳುವ ಆಸೆಯಿಂದ ಚೌಲ್ ಬಂದರಿನಲ್ಲಿ ಇಳಿದವನು. ಜುನ್ನರಿನ ಅಧಿಕಾರಿ ಆ ಕುದುರೆಯನ್ನು ಕಿತ್ತುಕೊಂಡು, ಮತ ಬದಲಿಸಿದರೆ ಮಾತ್ರ ಹಿಂದಿರುಗಿಸುವೆನೆಂದನು. ಖುರಾಸಾನಿನವನೊಬ್ಬನ ಮಧ್ಯಸ್ಥಿಕೆಯಿಂದ ಕುದುರೆಯೂ ಧರ್ಮವೂ ಉಳಿದುವು. ಬೀದರಿನಲ್ಲಿ ಕುದುರೆಯನ್ನು ಮಾರಿ, ಅಲ್ಲಿನ ಹಿಂದೂಗಳ ಸ್ನೇಹ ಸಂಪಾದಿಸಿ, ಅವರೊಡನೆ ಶ್ರೀಶೈಲದ ಜಾತ್ರೆಯನ್ನೂ ಅವನು ನೋಡಿ ಬಂದನು.

ಸುಲ್ತಾನನ ಅರಮನೆಯ ಕುರಿತು ನಿಕಿತಿನ್ ಕೊಡುವ ವಿವರ ಚಿಕ್ಕದು. ಅರಮನೆಗೆ ಏಳು ಬಾಗಿಲುಗಳು. ಪ್ರತಿಯೊಂದು ಬಾಗಿಲಲ್ಲಿಯೂ ನೂರು ಜನ ಕಾವಲಿನವರು ಮತ್ತು ನೂರು ಜನ ಹಿಂದೂ ಕರಣಿಕರು. ಕೆಲವರು ಒಳಗೆ ಹೋಗುವವರ ಲೆಕ್ಕ ಬರೆಯುತ್ತಾರೆ, ಕೆಲವರು ಹೊರಗೆ ಬರುವವರ ಲೆಕ್ಕ ಬರೆಯುತ್ತಾರೆ. ಗರೀಬರಿಗೆ ಮಾತ್ರ ಒಳಗೆ ಪ್ರವೇಶವಿಲ್ಲ. ಇದರ ಬೆನ್ನಿಗೇ ಅವನು, ಅರಮನೆ ಅತಿ ವಿಸ್ಮಯಕರವಾದುದೆಂದೂ ಅಲ್ಲಿನ ಕಟ್ಟಕಡೆಯ ಕಲ್ಲಿನವರೆಗೆ ಕೆತ್ತನೆಯೂ ಚಿನ್ನದ ಲೇಪವೂ ಇವೆಯೆಂದೂ ಹೇಳುತ್ತಾನೆ.

ಇಲ್ಲಿ ಸಾಹಿತ್ಯದ ವಿದ್ಯಾರ್ಥಿ ತಡೆದು ನಿಲ್ಲಬೇಕು. ಒಳಗೆ ಪ್ರವೇಶವಿಲ್ಲದವನಿಗೆ ಕಟ್ಟಕಡೆಯ ಕಲ್ಲು ಹೇಗೆ ಕಂಡಿತು? ನಿಕಿತಿನನ ಬರಹದಲ್ಲಿ ಎರಡು ಧಾಟಿಗಳಿವೆ. ತಾನು ನಿಂತ ಕಡೆಯನ್ನು ಕುರಿತು ಬರೆಯುವಾಗ ಅವನು ಎಣಿಸುತ್ತಾನೆ: ಬಾಗಿಲು ಏಳು, ಕಾವಲು ನೂರು, ಕರಣಿಕರು ನೂರು. ನೂರೆಂಬುದು ಸರಿಯಾದ ಲೆಕ್ಕವಲ್ಲದಿರಬಹುದು, ಆದರೆ ಒಬ್ಬರು ಒಳಬರವನ್ನೂ ಇನ್ನೊಬ್ಬರು ಹೊರಹೋಗುವಿಕೆಯನ್ನೂ ಬರೆಯುವ ಏರ್ಪಾಡು ಕಣ್ಣಾರೆ ಕಂಡವನ ಮಾತು. ಬಾಗಿಲಿನಾಚೆಗೆ ಕಾಲಿಡಲಾಗದ ಕಡೆ ಅವನೂ ಕವಿಯಾಗುತ್ತಾನೆ. ಎಲ್ಲವೂ ಚಿನ್ನ, ಎಲ್ಲವೂ ಕೆತ್ತನೆ. ಸಂಸ್ಕೃತದ ಒಂದಕ್ಷರವನ್ನೂ ಅರಿಯದ ರಷ್ಯಾದ ವರ್ತಕನು ಆ ಒಂದು ವಾಕ್ಯದಲ್ಲಿ ಪುರವರ್ಣನೆಯ ಸಂಪ್ರದಾಯಕ್ಕೆ ಬಂದು ಸೇರುತ್ತಾನೆ.

ಇದಕ್ಕೆ ಪ್ರತಿಯಾಗಿ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸನನ್ನು ನೋಡಬಹುದು. ಸುಮಾರು 1520ರಲ್ಲಿ, ಕೃಷ್ಣದೇವರಾಯನ ಕಾಲದಲ್ಲಿ, ವಿಜಯನಗರದ ಅರಮನೆಯ ಕೆಲವು ಭಾಗಗಳನ್ನು ನೋಡಲು ಅವನಿಗೂ ಅವನ ಸಂಗಡಿಗರಿಗೂ ಅವಕಾಶ ದೊರೆಯಿತು. ಬಾಗಿಲಲ್ಲಿ ಅವರನ್ನು ಎಣಿಸಿ, ಒಬ್ಬೊಬ್ಬರನ್ನಾಗಿ ಒಳಗೆ ಬಿಟ್ಟರು. ಒಳಗೆ ಹೋದ ಪಾಯೆಸನ ವರ್ಣನೆ ಅಳತೆಯ ವರ್ಣನೆ. ಅಂಗಳದ ನೆಲ ಹೇಗಿತ್ತು, ಗೋಡೆಗೆ ಯಾವ ಬಣ್ಣವಿತ್ತು, ದಂತದ ಕೋಣೆಯಲ್ಲಿ ಯಾವ ಯಾವ ಭಾಗ ದಂತದ್ದಾಗಿತ್ತು ಎಂಬುದನ್ನೆಲ್ಲ ಅವನು ಹೇಳುತ್ತಾನೆ. ರಾಣಿವಾಸದ ಕಡೆಗೆ ಅವರನ್ನು ಬಿಡಲಿಲ್ಲ; ಅದರ ಕುರಿತು ಅವನದೂ ಕೇಳಿದ ಮಾತೇ. ತೆರೆದ ಬಾಗಿಲು ಮತ್ತು ಮುಚ್ಚಿದ ಬಾಗಿಲುಗಳು ಗದ್ಯದ ಸ್ವರೂಪವನ್ನೇ ಬದಲಿಸುತ್ತವೆ.

ನಿಕಿತಿನ್ ತನ್ನಂತಹವರನ್ನು ಕರೆಯಲು ಬಳಸಿದ ಪದ ಇನ್ನೂ ಹೆಚ್ಚಿನ ಗಮನಕ್ಕೆ ಯೋಗ್ಯವಾದುದು. 'ಗರೀಬ' ಎಂದರೆ ಇಂದು ಕನ್ನಡದಲ್ಲಿ ಬಡವ. ಉತ್ತರ ಕರ್ನಾಟಕದ ಮಾತಿನಲ್ಲಿ ಅದು ದಿನಬಳಕೆಯ ಪದ. ಬಡತನವನ್ನು ತೊಲಗಿಸುವೆವೆಂಬ 1971ರ ಚುನಾವಣೆಯ ಹಿಂದಿ ಘೋಷಣೆಯಿಂದ ಉಳಿದ ಭಾಗಗಳಿಗೂ ಪರಿಚಿತವಾಯಿತು. ಅರಬ್ಬಿಯಲ್ಲಿ ಇದರ ಮೂಲಾರ್ಥ ಬಡವನೆಂದಲ್ಲ. ಪರಕೀಯ, ಊರು ಬಿಟ್ಟು ಬಂದವನು ಎಂದು. ಊರು ಬಿಟ್ಟವನಿಗೆ ಬಂಧುಗಳಿಲ್ಲ, ಬಂಧುಗಳಿಲ್ಲದವನಿಗೆ ಆಸರೆಯಿಲ್ಲ, ಆಸರೆಯಿಲ್ಲದವನು ಬಡವ. ಹೀಗೆ ಪರಕೀಯತೆ ಎಂಬ ಅರ್ಥವು ಮೆಲ್ಲಮೆಲ್ಲನೆ ದಾರಿದ್ರ್ಯಕ್ಕೆ ಜಾರಿತು. ಅಜ್ಮೀರದ ಸೂಫಿ ಸಂತನಿಗಿರುವ 'ಗರೀಬ್ ನವಾಜ್' ಎಂಬ ಬಿರುದಿನಲ್ಲಿ ಎರಡು ಅರ್ಥಗಳೂ ಒಟ್ಟಿಗೆ ಕೇಳಿಸುತ್ತವೆ.

ಈ ಪದದ ನೋವನ್ನು ಒಬ್ಬ ಸುಲ್ತಾನನು ಬಲ್ಲವನಾಗಿದ್ದನೆಂದು ಇಬ್ನ್ ಬತೂತಾ ದಾಖಲಿಸಿದ್ದಾನೆ. ಕಠೋರತೆಗೆ ಹೆಸರಾದ ಮುಹಮ್ಮದ್ ಬಿನ್ ತುಘಲಕನು ತನ್ನ ರಾಜ್ಯಕ್ಕೆ ಬಂದ ವಿದೇಶೀಯರನ್ನು ಗರೀಬರೆಂದು ಕರೆಯಕೂಡದು, ಗೌರವಾನ್ವಿತರು ಎಂಬ ಅರ್ಥದ ಪದದಿಂದ ಕರೆಯಬೇಕು ಎಂದು ಆಜ್ಞೆ ಮಾಡಿದ್ದನು. ಪರಕೀಯನೆಂದು ಕರೆಸಿಕೊಂಡವನ ಮನಸ್ಸು ಮುರಿಯುತ್ತದೆ ಎಂಬುದು ಅವನು ಕೊಟ್ಟ ಕಾರಣ.

ಬಹಮನಿ ಆಸ್ಥಾನದಲ್ಲಿ ಇದೇ ಪದಕ್ಕೆ ಮತ್ತೊಂದು ತಿರುವು ಸಿಕ್ಕಿತು. ಇರಾನ್, ಮಧ್ಯ ಏಷ್ಯಾಗಳಿಂದ ಬಂದು ಅಧಿಕಾರ ಹಿಡಿದವರನ್ನು ಆಫಾಕಿಗಳು ಎನ್ನುವಂತೆ ಗರೀಬರು ಎಂದೂ ಪಾರಸಿ ಇತಿಹಾಸಕಾರರು ಕರೆದರು. ಇವರು ಬಡವರಲ್ಲ, ರಾಜ್ಯವನ್ನಾಳಿದ ವಜೀರರು, ಸೇನಾನಿಗಳು. ದಖನಿಗಳೆಂದು ಕರೆಸಿಕೊಂಡ ಹಳಬರಿಗೂ ಇವರಿಗೂ ತಲೆಮಾರುಗಳ ವೈಷಮ್ಯ. ಗರೀಬರಲ್ಲಿ ಅಗ್ರಗಣ್ಯನು ಮಹಮೂದ್ ಗಾವಾನ್. ಗಿಲಾನಿನಿಂದ ವರ್ತಕನಾಗಿ ಬಂದು ಪ್ರಧಾನಿಯಾದ ಅವನು 1472ರಲ್ಲಿ ಬೀದರಿನ ಮದರಸಾವನ್ನು ಪೂರ್ಣಗೊಳಿಸಿದನು. ಬಣ್ಣದ ಹೆಂಚುಗಳಿಂದ ಮುಚ್ಚಿದ್ದ ಆ ಮೂರು ಅಂತಸ್ತಿನ ಕಟ್ಟಡದ ಒಂದು ಭಾಗ ಇಂದಿಗೂ ನಿಂತಿದೆ. ವಿರೋಧಿಗಳು ಅವನ ಮೊಹರು ಬಿದ್ದಿದ್ದ ಖಾಲಿ ಕಾಗದದ ಮೇಲೆ ಒಡಿಶಾದ ಅರಸನಿಗೆ ಬರೆದಂತೆ ರಾಜದ್ರೋಹದ ಓಲೆಯನ್ನು ಸೃಷ್ಟಿಸಿದರು. 1481ರಲ್ಲಿ ಸುಲ್ತಾನನು ಅವನ ತಲೆ ತೆಗೆಸಿದನು. ನಿಕಿತಿನ್ ಬಾಗಿಲಿನ ಹೊರಗಿನ ಗರೀಬ, ಗಾವಾನ್ ಬಾಗಿಲಿನ ಒಳಗಿನ ಗರೀಬ. ಹೊರಗಿನವನು ಬದುಕಿ ಹೊರಟನು. ಒಳಗಿನವನನ್ನು ಒಂದು ಹಾಳೆ ಕೊಂದಿತು.

ಬಾಗಿಲಲ್ಲಿ ಕುಳಿತು ಹೆಸರು ಬರೆಯುವ ವೃತ್ತಿ ಬೀದರಿನ ಸುಲ್ತಾನರೊಡನೆ ಮುಗಿಯಲಿಲ್ಲ. ಬೆಂಗಳೂರಿನ ಹೊಸೂರು ರಸ್ತೆಯ ಬೊಮ್ಮನಹಳ್ಳಿಯಲ್ಲಿ ಅಂಥ ಬಾಗಿಲುಗಳು ಸಾಲುಸಾಲಾಗಿವೆ: ಗಾರ್ಮೆಂಟ್ಸ್ ಕಾರ್ಖಾನೆಗಳು, ಸಾಫ್ಟ್‌ವೇರ್ ಕಚೇರಿಗಳು, ಅಪಾರ್ಟ್‌ಮೆಂಟುಗಳು. ಅಂತಹ ಒಂದು ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಭಾಲ್ಕಿ ತಾಲ್ಲೂಕಿನವರೊಬ್ಬರು ಹನ್ನೊಂದು ವರ್ಷಗಳಿಂದ ಕಾವಲಿನ ಕೆಲಸದಲ್ಲಿದ್ದಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಊರು ಬಿಟ್ಟು, ಮೊದಲು ಕಟ್ಟಡದ ಕೆಲಸಕ್ಕೆ ಬಂದು, ಬೆನ್ನು ಸೋತ ಮೇಲೆ ಸಮವಸ್ತ್ರ ತೊಟ್ಟವರು. ಅವರ ಮೇಜಿನ ಮೇಲೆ ದಪ್ಪ ರಟ್ಟಿನ ರಿಜಿಸ್ಟರು ಇರುತ್ತದೆ. ಹೆಸರು, ಎಲ್ಲಿಂದ, ಯಾರ ಮನೆಗೆ, ಬಂದ ವೇಳೆ, ಹೋದ ವೇಳೆ. ನಿವಾಸಿಗಳ ಕಾರು ಬಂದರೆ ಅಡ್ಡಗಂಬ ತಾನಾಗಿಯೇ ಮೇಲೇಳುತ್ತದೆ. ರಿಜಿಸ್ಟರಿನಲ್ಲಿ ಅವರ ಹೆಸರಿಲ್ಲ. 'ಎಲ್ಲಿಂದ' ಎಂಬ ಕಡೆ ಆಹಾರ ತಂದ ಹುಡುಗ ಕಂಪನಿಯ ಹೆಸರು ಬರೆಯುತ್ತಾನೆ, ಕೆಲಸದ ಹೆಂಗಸು ಏನನ್ನೂ ಬರೆಯುವುದಿಲ್ಲ. ಊರಿನ ಹೆಸರು ಬರೆಯುವವರು ನೆಂಟರು ಮಾತ್ರ.

ಅದೇ ಕಟ್ಟಡದಲ್ಲಿರುವ ನಿವೃತ್ತ ಕನ್ನಡ ಅಧ್ಯಾಪಕರೊಬ್ಬರು ತಮ್ಮ ಬಳಿಗೆ ಪಾಠಕ್ಕೆ ಬರುವ ಇಬ್ಬರು ಎಂ.ಎ. ವಿದ್ಯಾರ್ಥಿಗಳನ್ನು ಕರೆದುಕೊಂಡು ದಸರೆಯ ರಜೆಯಲ್ಲಿ ಬೀದರಿಗೆ ಹೊರಟರು. ಕಾವಲಿನವರಿಗೂ ಆಗಲೇ ಊರಿಗೆ ಹೋಗುವ ರಜೆ ಸಿಕ್ಕಿತ್ತು. ರಾತ್ರಿಯ ರೈಲಿನಲ್ಲಿ ಜೊತೆಯಾದವರನ್ನು ಅಧ್ಯಾಪಕರು ಕೋಟೆಗೂ ಕರೆದರು. 1503ರ ಶಾಸನವಿರುವ ಶರ್ಜಾ ದರ್ವಾಜೆಯನ್ನೂ ಅದರ ಮೇಲಿನ ಹುಲಿಗಳ ಕೆತ್ತನೆಯನ್ನೂ ನೋಡಿ, ಗುಂಬಜ್ ದರ್ವಾಜೆಯನ್ನು ದಾಟಿ, ನಾಲ್ವರೂ ರಂಗೀನ್ ಮಹಲಿನ ಮುಂದೆ ಬಂದರು. ಅದಕ್ಕೆ ಬೀಗ ಹಾಕಿತ್ತು. ಸಿಬ್ಬಂದಿಯನ್ನು ಕೇಳಿಕೊಂಡಾಗ ಒಬ್ಬರು ಬೀಗದ ಕೈಯೊಡನೆ ಒಂದು ರಿಜಿಸ್ಟರನ್ನೂ ತಂದರು.

ಕಾವಲಿನವರು ಹಿಂದೆ ಸರಿದು ನಿಂತರು. "ಬ್ಯಾಡ್ರಿ ಸರ, ನಾ ಹೊರಗ ಕುಂದರ್ತೀನಿ. ನಿಮ್ಮ ಚೀಲ ನೋಡ್ಕೋತ ಇರ್ತೀನಿ. ಸಣ್ಣಾಂವ ಇದ್ದಾಗ ಸಾಲಿ ಹುಡುಗ್ರ ಕೂಡ ಬಂದಿದ್ದೆ. ಆವಾಗೂ ಇದಕ ಕೀಲಿ ಹಾಕಿತ್ತು."

"ಬಾಗಿಲು ಕಾಯೋದು ದಿನಾ ಇದ್ದೇ ಇದೆಯಲ್ಲ ಯಜಮಾನರೇ. ಇವತ್ತು ಒಳಗೆ ಬನ್ನಿ" ಎಂದರು ಅಧ್ಯಾಪಕರು.

ರಿಜಿಸ್ಟರಿನಲ್ಲಿ ಅವರು ಹೆಸರನ್ನು ಬೇಗ ಬರೆದರು. ಊರು ಎಂಬ ಕಡೆ ಪೆನ್ನು ನಿಂತಿತು. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಈಗಲೂ ಹಳ್ಳಿಯಲ್ಲಿದೆ. ಅಲ್ಲಿನ ಮನೆಯ ಮಾಳಿಗೆ ಎರಡು ಮಳೆಗಾಲದ ಹಿಂದೆ ಕುಸಿದಿದೆ. ಮಕ್ಕಳ ಶಾಲೆ ಬೊಮ್ಮನಹಳ್ಳಿಯಲ್ಲಿ; ಅಲ್ಲಿ ಸ್ವಂತದ್ದೆನ್ನಲು ಒಂದು ಬಾಡಿಗೆ ಕೋಣೆ. ಅವರು ಹಳ್ಳಿಯ ಹೆಸರು ಬರೆದು, ಅದರ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಬೊಮ್ಮನಹಳ್ಳಿ ಎಂದು ಸೇರಿಸಿದರು. ಬೀಗ ತೆಗೆಯುವವರು ಅದನ್ನು ಓದಿ ಏನನ್ನೂ ಕೇಳಲಿಲ್ಲ.

ಇಂದಿನ ರಂಗೀನ್ ಮಹಲು ಬಹುಪಾಲು ಬರೀದ್ ಷಾಹಿ ಅರಸ ಅಲಿ ಬರೀದನ ಕಾಲದ್ದು, 16ನೆಯ ಶತಮಾನದ ಉತ್ತರಾರ್ಧದ್ದು. ಕೆತ್ತಿದ ಮರದ ಕಂಬಗಳು, ಬಣ್ಣದ ಹೆಂಚಿನ ಪಟ್ಟಿಗಳು, ಒಳಕೋಣೆಯಲ್ಲಿ ನುಣುಪಾದ ಕರಿಕಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಗಳು. ವಿದ್ಯಾರ್ಥಿಗಳು ಪಾರಸಿ ಬರಹದ ಮುಂದೆ ನಿಂತಿದ್ದಾಗ ಕಾವಲಿನವರು ಆ ಕರಿಕಲ್ಲನ್ನು ಮುಟ್ಟದೆ, ಹತ್ತಿರ ಬಾಗಿ ನೋಡಿದರು. "ಇದು ನಮ್ಮ ಬಿದರಿ ಕೆಲಸಾನ ಅದರಿ ಸರ. ಕರೇದರ ಒಳಗ ಬೆಳ್ಳಂದು. ಅಲ್ಲಿ ಬೆಳ್ಳಿ, ಇಲ್ಲಿ ಚಿಪ್ಪು."

ಬಿದರಿ ಪಾತ್ರೆ ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದದ್ದು. ಬೆಳ್ಳಿಯನ್ನು ಕೂರಿಸಿದ ಮೇಲೆ ಅದನ್ನು ಕಪ್ಪಾಗಿಸಲು ಕೋಟೆಯ ಹಳೆಯ ಕಟ್ಟಡಗಳ ಮಣ್ಣನ್ನು ಬಳಸುತ್ತಾರೆ. ಮಳೆ ಬಿಸಿಲು ತಾಗದ ಆ ಮಣ್ಣನ್ನು ನಾಲಿಗೆಗೆ ತಾಗಿಸಿ ರುಚಿ ನೋಡಿ ಆರಿಸುವರೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಿದವರೂ ಅವರೇ. ಅರಮನೆಯ ಬಾಗಿಲು ಮುಚ್ಚಿದ್ದರೂ ಅದರ ಮಣ್ಣು ಊರಿನವರ ನಾಲಿಗೆಗೆ ಗೊತ್ತಿತ್ತು. ಚಿಪ್ಪಿನ ಕೆಲಸವನ್ನೂ ಬೆಳ್ಳಿಯ ಕೆಲಸವನ್ನೂ ಒಂದೇ ನೋಟದಲ್ಲಿ ಜೋಡಿಸಿದ ಆ ಮಾತನ್ನು ಅಧ್ಯಾಪಕರು ತಮ್ಮ ಟಿಪ್ಪಣಿ ಪುಸ್ತಕದಲ್ಲಿ, ಹೇಳಿದವರ ಹೆಸರಿನ ಸಮೇತ, ಬರೆದುಕೊಂಡರು.

ಹೆಸರನ್ನು ಬರೆಯುವುದರಲ್ಲಿ ಎರಡು ಬಗೆ. ಬೊಮ್ಮನಹಳ್ಳಿಗೆ ಸಮೀಪದ ಬೇಗೂರಿನಲ್ಲಿ ಗಂಗರ ಕಾಲದ, ಸುಮಾರು 890ರ ವೀರಗಲ್ಲಿನ ಶಾಸನವೊಂದಿದೆ. ಬೆಂಗಳೂರು ಎಂಬ ಹೆಸರು ಕಾಣಿಸಿಕೊಳ್ಳುವ ಬಹು ಹಳೆಯ ದಾಖಲೆಯೆಂದು ಅದು ಪ್ರಸಿದ್ಧ. ಬೆಂಗಳೂರಿನ ಕಾಳಗದಲ್ಲಿ ಸತ್ತ, ನಾಗತ್ತರನ ಮನೆಗೆ ಸೇರಿದ ಬುಟ್ಟಣ ಸೆಟ್ಟಿಯ ಹೆಸರು ಅದರಲ್ಲಿ ಉಳಿದಿದೆ. ಮರೆಯಬಾರದೆಂದು ಕಲ್ಲಿನಲ್ಲಿ ಕೊರೆದ ಹೆಸರು ಅದು. ಬೀದರಿನ ಏಳು ಬಾಗಿಲುಗಳಲ್ಲಿ ಕರಣಿಕರು ಬರೆದ ಹೆಸರುಗಳ ಉದ್ದೇಶ ಬೇರೆ. ಅವು ಕಣ್ಣಿಡುವುದಕ್ಕಾಗಿ ಬರೆದವು. ಆ ಹಾಳೆಗಳು ಅಳಿದುವು. ಬರೆಯುತ್ತಿದ್ದವರು ಆ ನೆಲದ ಜನರೇ ಆಗಿದ್ದಿರಬೇಕು. ಅವರ ಒಂದು ಹೆಸರೂ ಉಳಿಯಲಿಲ್ಲ. ಅವರು ಅಲ್ಲಿ ಕುಳಿತಿದ್ದರೆಂಬುದನ್ನು ಇಂದು ತಿಳಿಯುವುದು, ಒಳಗೆ ಬಿಡದೆ ನಿಲ್ಲಿಸಿದ ವಿದೇಶೀಯನ ಬರಹದಿಂದ. ಒಳಗೆ ಬಿಟ್ಟಿದ್ದರೆ ಅವನ ಕಣ್ಣು ಸಿಂಹಾಸನದ ಕಡೆಗೆ ಹರಿದು, ಬಾಗಿಲಿನ ಕರಣಿಕರು ಮರೆತು ಹೋಗುತ್ತಿದ್ದರೇನೋ. ನಾಡಿನ ಜನ ಬಡವರು, ಅಮೀರರು ವೈಭವದಲ್ಲಿ ಮೆರೆಯುವವರು ಎಂಬ ಮಾತನ್ನು ಬರೆದವನೂ ಅದೇ ನಿಕಿತಿನ್. ಆಸ್ಥಾನದ ಇತಿಹಾಸಕಾರರಿಗೆ ಆ ಮಾತು ಬೇಕಾಗಿರಲಿಲ್ಲ.

ನಿಕಿತಿನ್ ತನ್ನ ಊರನ್ನು ಮತ್ತೆ ಕಾಣಲಿಲ್ಲ. ದಾಭೋಳದಲ್ಲಿ ಹಡಗು ಹತ್ತಿ ಹಿಂದಿರುಗಿದವನು ಸ್ಮೊಲೆನ್ಸ್ಕ್ ತಲಪುವ ಮುನ್ನವೇ ತೀರಿಕೊಂಡನು. ಅವನ ಕೈಬರಹವನ್ನು ವರ್ತಕರು ಮಾಸ್ಕೋಗೆ ತಂದರು. 1475ರಲ್ಲಿ ಅದು ಅಲ್ಲಿನ ವೃತ್ತಾಂತ ಗ್ರಂಥದಲ್ಲಿ ಸೇರಿತು. ಪ್ರಾರ್ಥನೆಯ ಮಾತುಗಳನ್ನೂ ಕೆಲವು ಗುಟ್ಟಿನ ಮಾತುಗಳನ್ನೂ ಅವನು ರಷ್ಯನ್ ಬಿಟ್ಟು ತುರ್ಕಿ, ಪಾರಸಿ, ಅರಬ್ಬಿಗಳು ಬೆರೆತ ಸಂತೆಯ ಭಾಷೆಯಲ್ಲಿ ಬರೆದಿದ್ದಾನೆ. ಗರೀಬನಾಗಿ ಕಳೆದ ವರ್ಷಗಳು ಅವನ ನುಡಿಯನ್ನೇ ಬದಲಿಸಿದ್ದುವು.

ಗ್ರಾನಡಾದ ಬಾಗಿಲುಗಳ ಕಥೆಯೂ ಮುಂದೆ ತಿರುಗಿತು. 1492ರ ಜನವರಿ 2ರಂದು ನಗರವು ಕ್ರೈಸ್ತ ಅರಸರ ವಶವಾಯಿತು. ಶತಮಾನಗಳು ಕಳೆದು ಅರಮನೆ ಪಾಳುಬಿದ್ದಾಗ ಅದರ ಮೂಲೆಗಳಲ್ಲಿ ಬಡವರು ಸಂಸಾರ ಹೂಡಿದರು. 1829ರಲ್ಲಿ ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ ಅಲ್ಲಿ ಕೆಲವು ತಿಂಗಳು ವಾಸವಾಗಿದ್ದನು. ಅಲ್ಲಿಯೇ ಹುಟ್ಟಿ ಬೆಳೆದ, ಹರಕು ಬಟ್ಟೆಯ ಮಟೇಯೋ ಖಿಮೇನೆಜ್ ಅವನಿಗೆ ದಾರಿ ತೋರಿಸಿದನು, ಕಥೆ ಹೇಳಿದನು. ಅಲ್‌ಹಂಬ್ರಾವನ್ನು ಜಗತ್ತಿಗೆ ಪರಿಚಯಿಸಿದ 1832ರ ಪುಸ್ತಕವು ಸುಲ್ತಾನರ ದಫ್ತರಗಳಿಗಿಂತ ಹೆಚ್ಚಾಗಿ ಇಂಥವರ ಬಾಯಿಮಾತಿಗೆ ಋಣಿಯಾಗಿದೆ. ಇಂದು ಆ ಅರಮನೆಯನ್ನು ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ನೋಡುತ್ತಾರೆ. ನಾಸ್ರಿದ್ ಅರಮನೆಗಳಿಗೆ ಗೊತ್ತುಪಡಿಸಿದ ವೇಳೆಗೆ ಸರಿಯಾಗಿ ಬರಬೇಕು; ಟಿಕೆಟಿನ ಮೇಲೆ ಹೆಸರಿರಬೇಕು, ಗುರುತಿನ ಚೀಟಿ ಜೊತೆಯಲ್ಲಿರಬೇಕು.

ಇಬ್ನ್ ಬತೂತಾ ಗ್ರಾನಡಾದಲ್ಲಿ ಕಂಡದ್ದರಲ್ಲಿ ಇನ್ನೊಂದು ಸಂಗತಿಯಿದೆ. ಅರಸನ ದರ್ಶನ ಸಿಗದ ಆ ದಿನಗಳಲ್ಲಿ ಅವನಿಗೆ ಅಲ್ಲಿ ನೆಲೆಸಿದ್ದ ಫಕೀರರ ಗುಂಪೊಂದು ಪರಿಚಯವಾಯಿತು. ಒಬ್ಬ ಸಮರ್ಕಂದದವನು, ಒಬ್ಬ ತಬ್ರೀಜಿನವನು, ಒಬ್ಬ ಕೊನ್ಯಾದವನು, ಒಬ್ಬ ಖುರಾಸಾನಿನವನು, ಇಬ್ಬರು ಹಿಂದೂಸ್ಥಾನದವರು. ಗ್ರಾನಡಾ ತಮ್ಮ ತಮ್ಮ ನಾಡಿನಂತೆಯೇ ಕಾಣುತ್ತದೆಂಬ ಕಾರಣಕ್ಕೆ ಅವರೆಲ್ಲ ಅಲ್ಲಿ ಉಳಿದುಬಿಟ್ಟಿದ್ದರು. ಗುಡ್ಡದ ಮೇಲಿನ ಅರಮನೆಗೆ ಅವರಿಗೂ ಇವನಿಗೂ ಒಂದೇ ಅಂತರ. ಇಬ್ನ್ ಜುಜಯ್ಯನ ಲೇಖನಿ ಅವರಿಗೆ ಒಂದು ವಾಕ್ಯವನ್ನಷ್ಟೇ ಕೊಟ್ಟಿದೆ: ಯಾರು, ಯಾವ ಊರಿನವರು. ಬಾಗಿಲಿನ ರಿಜಿಸ್ಟರಿನಲ್ಲಿಯೂ ಅಷ್ಟೇ ಇರುತ್ತದೆ. ಆದರೂ ಆರೂವರೆ ಶತಮಾನಗಳ ಹಿಂದೆ ಹಿಂದೂಸ್ಥಾನದ ಇಬ್ಬರು ಗ್ರಾನಡಾದಲ್ಲಿ ಮನೆ ಮಾಡಿಕೊಂಡು, ಅದು ತಮ್ಮ ಊರಿನಂತಿದೆ ಎಂದುಕೊಂಡಿದ್ದರೆಂಬುದನ್ನು ಆ ಒಂದು ವಾಕ್ಯ ಇಂದಿನವರಿಗೂ ತಲಪಿಸಿದೆ.